ಮರು: ಇಲಿಗಳನ್ನು 10 ತಲೆಮಾರು ಯಾಕೆ ಕ್ರಾಸ್ ಮಾಡಬೇಕು?

ಒಂದು ತಳಿಯ ಇಲಿಗೆ ಇನ್ನೊಂದು ತಳಿಯ ಮೈಟೊಕಾಂಡ್ರಿಯಾ (ಕೋಶಕ್ಕೆ ಶಕ್ತಿ ಕೊಡುವ, ತನ್ನದೇ ಜೀನುಗಳಿರುವ ಪುಟ್ಟ ಭಾಗ) ಸೇರಿಸಲು 10 ತಲೆಮಾರು ಕ್ರಾಸ್ ಮಾಡುತ್ತಾರೆ. ಮೈಟೊಕಾಂಡ್ರಿಯಾ ತಾಯಿಯಿಂದಲೇ ಬರುವಾಗ ಒಂದೇ ಕ್ರಾಸ್ ಸಾಲದೇ, ಇದಕ್ಕೂ ಇಮ್ಯುನಿಟಿಗೂ ಏನು ಸಂಬಂಧ ಅಂತ ಕೇಳಿದ್ದೀರಿ. ಸಾಲದು ನೋಡ್ರಿ.

ನೀವು ಕಲಬುರಗಿಯವರು ಅಂದಿದ್ದೀರಿ, ಹಾಗಾಗಿ ತೊಗರಿಯಿಂದಲೇ ಹೇಳುತ್ತೇನೆ. ಹೈಬ್ರಿಡ್ ಬೀಜಕ್ಕೆ ಪರಾಗ ಕಟ್ಟದ ಗಿಡ ಬೇಕು. ಅದಕ್ಕೆ ಕಾಡು ತೊಗರಿಯನ್ನು ತಾಯಿ ಮಾಡಿ, ಪ್ರತಿ ತಲೆಮಾರಿಗೂ ಹೊಲದ ತೊಗರಿಯ ಪರಾಗವನ್ನೇ ಕೊಡುತ್ತಾರೆ. ಬರಬರುತ್ತಾ ಗಿಡ ಹೊಲದ್ದೇ ಆಗುತ್ತದೆ, ಮೈಟೊಕಾಂಡ್ರಿಯಾ ಮಾತ್ರ ಕಾಡಿನದು. ಪರಾಗ ಕಟ್ಟದಿರುವುದು ಅದರಿಂದಲೇ.

ಇಲಿಯಲ್ಲೂ ಅದೇ ಲೆಕ್ಕ. ಎನ್‌ಝಡ್‌ಬಿ ತಳಿಯ ಹೆಣ್ಣಿಗೆ ಬ್ಲ್ಯಾಕ್ 6 ತಳಿಯ ಗಂಡು. ಹುಟ್ಟಿದ ಹೆಣ್ಣುಮರಿಗೆ ಮತ್ತೆ ಬ್ಲ್ಯಾಕ್ 6 ಗಂಡೇ. ಪ್ರತಿ ಸಲ ಎನ್‌ಝಡ್‌ಬಿಯ ನ್ಯೂಕ್ಲಿಯಸ್ ಜೀನುಗಳು ಸುಮಾರು ಅರ್ಧಕ್ಕಿಳಿಯುತ್ತವೆ. 10 ಸಲಕ್ಕೆ 1024ರಲ್ಲಿ 1 ಪಾಲು ಉಳಿದೀತು. ಒಂದಕ್ಕೇ ನಿಲ್ಲಿಸಿದರೆ ಅರ್ಧ ಹಾಗೇ ಇರುತ್ತದೆ. ಆಗ ಈ ಇಲಿಗೂ ಮಾಮೂಲಿ ಬ್ಲ್ಯಾಕ್ 6 ಇಲಿಗೂ ಇರುವ ವ್ಯತ್ಯಾಸ ಮೈಟೊಕಾಂಡ್ರಿಯಾದ್ದೇ ಅಂತ ಹೇಗೆ ಹೇಳ್ತೀರಿ?

ಇಮ್ಯುನಿಟಿಯ ಕಥೆ ಇನ್ನೂ ಮಜಾ ಇದೆ. ಒಂದು ಇಲಿಯ ಟಿ ಕೋಶಗಳು (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು) ಇನ್ನೊಂದು ಇಲಿಯ ಕೋಶಗಳನ್ನು ಹೊರಗಿನವು ಅಂತ ಕೊಲ್ಲುತ್ತಿದ್ದವು. ಹೊರಗಿನವು ಅಂತ ತೋರಿಸುವ ಗುರುತು ಬರುತ್ತಿದ್ದದ್ದು ತಾಯಿಯಿಂದ ಮಾತ್ರ! ಅಪ್ಪ ಯಾವ ತಳಿ ಅನ್ನುವುದು ಲೆಕ್ಕಕ್ಕೇ ಇರಲಿಲ್ಲ. ಆ ಗುರುತು ಎನ್‌ಡಿ1 ಅನ್ನುವ ಮೈಟೊಕಾಂಡ್ರಿಯಾ ಪ್ರೊಟೀನಿನ ತುದಿಯ ತುಣುಕು ಅಂತ 1990ರಲ್ಲಿ ತೋರಿಸಿದರು. ಆ ತುದಿಯಲ್ಲಿ ಫಾರ್ಮೈಲ್ ಅನ್ನುವ ಪುಟ್ಟ ರಾಸಾಯನಿಕ ಗುಂಪು ಇರುತ್ತದೆ, ಬ್ಯಾಕ್ಟೀರಿಯಾ ಪ್ರೊಟೀನುಗಳ ಹಾಗೆಯೇ. ಮೈಟೊಕಾಂಡ್ರಿಯಾದ ಪೂರ್ವಜರು ಬ್ಯಾಕ್ಟೀರಿಯಾಗಳೇ ಅಲ್ವಾ?

ಒಂದು ಎಚ್ಚರ: ಮಧ್ಯದಲ್ಲಿ ಎಲ್ಲೋ ಮರೆತು ಗಂಡುಮರಿಯನ್ನು ಆರಿಸಿ ಮುಂದುವರಿಸಿದರೆ ಎನ್‌ಝಡ್‌ಬಿ ಮೈಟೊಕಾಂಡ್ರಿಯಾ ಅಲ್ಲಿಗೇ ನಿಂತಿತು. ಮತ್ತೆ ಮೊದಲಿನಿಂದ ಶುರು.