ಅರ್ಧ ಕಥೆಗೆ ಇಷ್ಟು ದೊಡ್ಡ ಶೀರ್ಷಿಕೆ ಬೇಡ

ನಮಸ್ಕಾರ ಮೇಡಂ,

ನೀವು ಕಳಿಸಿದ 'ಉಸಿರು ಉಳಿಸಿದ ಔಷಧಿ' ಬರಹ ಓದಿದೆ. ಮಂಡ್ಯದಿಂದ ಮೈಸೂರಿಗೆ ರೋಗಿಯನ್ನು ಸಾಗಿಸುವ ಮೊದಲ ಪುಟ ಚೆನ್ನಾಗಿದೆ. ಶ್ರೀರಂಗಪಟ್ಟಣ ದಾಟುವಾಗ ನೀವು ಸಿಲಿಂಡರಿನ ಮೀಟರ್ ನೋಡುವ ಸಾಲನ್ನು ಮುಟ್ಟಬೇಡಿ. ಎಆರ್‌ಡಿಎಸ್ ಅಂದರೆ ನ್ಯುಮೋನಿಯಾನೋ ರಕ್ತದ ಸೋಂಕೋ ಜಾಸ್ತಿಯಾಗಿ, ಶ್ವಾಸಕೋಶದೊಳಗೆ ನೀರು ತುಂಬಿ, ಆಕ್ಸಿಜನ್ ರಕ್ತಕ್ಕೆ ಸೇರದೇ ಹೋಗುವುದು ಅಂತ ಸರಳವಾಗಿ ಹೇಳಿದ್ದೀರಿ. ಆದರೂ ಈಗಿರುವ ಹಾಗೆ ಇದನ್ನು ಹಾಕುವುದಿಲ್ಲ.

ನಿಮ್ಮ ಬರಹ ಪೂರ್ತಿ ನಿಂತಿರುವುದು 2010ರ ಅಕ್ಯುರಾಸಿಸ್ ಪ್ರಯೋಗದ ಮೇಲೆ. ಫ್ರಾನ್ಸಿನ 20 ಐಸಿಯು, 340 ರೋಗಿಗಳು, 48 ಗಂಟೆ ಸ್ನಾಯು ಸಡಿಲಿಸುವ ಸಿಸ್‌ಅಟ್ರಾಕ್ಯೂರಿಯಂ. ಸಾವು ಕಮ್ಮಿಯಾಯಿತು ಅಂತ ಬರೆದು ಅಲ್ಲಿಗೇ ನಿಲ್ಲಿಸಿದ್ದೀರಿ. 2019ರ ರೋಸ್ ಪ್ರಯೋಗ ಎಲ್ಲಿ? ಅಮೆರಿಕದ 48 ಆಸ್ಪತ್ರೆಗಳಲ್ಲಿ 1006 ಜನರ ಮೇಲೆ ಅದೇ ಔಷಧಿಯನ್ನು ಪರೀಕ್ಷಿಸಿದಾಗ 90 ದಿನದೊಳಗೆ ತೀರಿಕೊಂಡವರು ಔಷಧಿ ಕೊಟ್ಟ ಗುಂಪಿನಲ್ಲಿ ಶೇ. 42.5, ಔಷಧಿ ಕೊಡದ ಗುಂಪಿನಲ್ಲಿ ಶೇ. 42.8. ವ್ಯತ್ಯಾಸವೇ ಇಲ್ಲ! ಇದನ್ನು ಬಿಟ್ಟರೆ ಓದುಗರಿಗೆ ಸುಳ್ಳು ಹೇಳಿದ ಹಾಗೇ, ಅಲ್ವಾ?

ಹಾಗಂತ ಕೊನೆಗೆ 'ಆಮೇಲೆ ಇದು ಸುಳ್ಳಾಯಿತು' ಅಂತ ಒಂದು ಸಾಲು ಅಂಟಿಸಬೇಡಿ. ಔಷಧಿ ಸಿಗದವರಿಗೆ ಏನು ಕೊಟ್ಟಿದ್ದರು ಅಂತ ನೋಡಿ. ಫ್ರಾನ್ಸಿನಲ್ಲಿ ಎರಡೂ ಗುಂಪಿನವರನ್ನು ಆಳವಾಗಿ ಮಂಪರಿನಲ್ಲಿ ಇಟ್ಟಿದ್ದರು. ರೋಸ್‌ನಲ್ಲಿ ಔಷಧಿ ಇಲ್ಲದವರಿಗೆ ಮಂಪರು ಹಗುರವಾಗಿತ್ತು. ಅಂದರೆ ಔಷಧಿ ಒಂದೇ ಆದರೂ ಕೇಳಿದ ಪ್ರಶ್ನೆ ಬೇರೆ. ನನ್ನ ಪ್ರಕಾರ ನಿಮ್ಮ ಬರಹದ ಜೀವ ಇಲ್ಲಿದೆ.

'ಬಹುಕೇಂದ್ರ ಪ್ರಯೋಗ' ಅಂತ ಪುಟಪುಟಕ್ಕೂ ಬರೆದಿದ್ದೀರಿ, ಸುಮ್ನೆ ತೂಕಕ್ಕೆ. ಹಾಗೆ ಹಲವು ಆಸ್ಪತ್ರೆಗಳಲ್ಲಿ ಒಟ್ಟಿಗೆ ಪರೀಕ್ಷಿಸುವುದು ಯಾಕೆ ಬೇಕು ಅಂತ ಎಲ್ಲೂ ಇಲ್ಲ. ಒಂದೇ ಆಸ್ಪತ್ರೆಗೆ ಇಂಥ ರೋಗಿಗಳು ಸಾಕಷ್ಟು ಸಿಗುವುದಿಲ್ಲ, ಜೊತೆಗೆ ಒಂದು ಐಸಿಯುನವರ ಕೈಚಳಕವೇ ಚಿಕಿತ್ಸೆಯ ಗುಣ ಅಂತ ಕಾಣಬಹುದು. 2013ರ ಪ್ರೊಸೇವಾ ಪ್ರಯೋಗವನ್ನೇ ತಗೊಳ್ಳಿ. ಫ್ರಾನ್ಸಿನ 26, ಸ್ಪೇನಿನ 1 ಐಸಿಯು, 466 ರೋಗಿಗಳು. ಕನಿಷ್ಠ 16 ಗಂಟೆ ಒಂದೇ ಸಮನೆ ಬೋರಲು ಮಲಗಿಸಿದವರಲ್ಲಿ 28 ದಿನದ ಸಾವು ಶೇ. 16, ಉಳಿದವರಲ್ಲಿ ಶೇ. 32.8. ಆದರೆ ಆ ಐಸಿಯುಗಳಿಗೆ ಬೋರಲು ಮಲಗಿಸುವುದರಲ್ಲಿ ಮೊದಲೇ ಐದು ವರ್ಷಕ್ಕೂ ಹೆಚ್ಚಿನ ಅನುಭವವಿತ್ತು. ಉಸಿರಾಟದ ಟ್ಯೂಬ್ ಕಳಚದ ಹಾಗೆ, ರಕ್ತನಾಳಕ್ಕೆ ಹಾಕಿದ ಲೈನ್ ಎಳೆಯದ ಹಾಗೆ ರೋಗಿಯನ್ನು ತಿರುಗಿಸಲು ಎಷ್ಟು ಕೈ ಬೇಕು ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದಕ್ಕೆ ಒಂದೇ ಸಾಲು ಕೊಟ್ಟಿದ್ದೀರಿ! ರಾತ್ರಿ ಪಾಳಿಯಲ್ಲಿ ಅಷ್ಟು ಜನ ಸಿಗುತ್ತಾರಾ ಅಂತ ಬರೆಯಿರಿ, ಎರಡು ಪುಟ ಆದರೂ ಪರವಾಗಿಲ್ಲ.

ಒಂದು ತಿದ್ದುಪಡಿ. 2000ದ ಪ್ರಯೋಗದಲ್ಲಿ ವೆಂಟಿಲೇಟರ್ ಒಂದೊಂದು ಉಸಿರಿಗೆ ಕೊಡುವ ಗಾಳಿಯನ್ನು ದೇಹತೂಕದ ಕಿಲೋಗೆ 12 ಮಿಲಿ ಲೀಟರಿನ ಬದಲು 6ಕ್ಕೆ ಇಳಿಸಿದಾಗ ಸಾವು ಶೇ. 39.8ರಿಂದ 31ಕ್ಕೆ ಬಂತು, ಸರಿ. ಆದರೆ ಆ ಕಿಲೋ ತಕ್ಕಡಿಯಲ್ಲಿ ಕಾಣುವ ತೂಕ ಅಲ್ಲ, ಎತ್ತರದಿಂದ ಲೆಕ್ಕ ಹಾಕಿದ್ದು. ದಪ್ಪಗಿದ್ದವರ ಶ್ವಾಸಕೋಶ ದೊಡ್ಡದಾಗಿರುವುದಿಲ್ಲ.

ವಿಜ್ಞಾನವನ್ನು ಹೊಗಳುವ ಕೊನೆಯ ಪುಟ ತೆಗೆಯಿರಿ, ಶೀರ್ಷಿಕೆ ಬದಲಿಸಿ. ಫೋಟೊ ಕೂಡ ಬೇಡ, ರೋಗಿಯ ಮುಖ ಕಾಣುತ್ತಿದೆ. ತಿದ್ದಿ ಕಳಿಸಿ, ಮತ್ತೆ ಓದುತ್ತೇನೆ.