ತೀರ್ಥಹಳ್ಳಿಯಲ್ಲಿ ಭರತನಾಟ್ಯ ಕಲಿತ, ಪಿಯುಸಿ ಓದುತ್ತಿರುವ ಮಗಳು ಯೂರೋವಿಷನ್ ಯಂಗ್ ಡ್ಯಾನ್ಸರ್ಸ್‌ನಂಥ ಟಿವಿ ಸ್ಪರ್ಧೆಗೆ ಹೋಗಬಹುದೇ? ತಯಾರಿ ಹೇಗೆ?

ಆ ಸ್ಪರ್ಧೆಗೇ ಹೋಗಲು ಆಗುವುದಿಲ್ಲ. ಅದು ಯೂರೋಪಿನ ಟಿವಿ ಸಂಸ್ಥೆಗಳು ನಡೆಸುತ್ತಿದ್ದ ಯುವ ನರ್ತಕರ ಸ್ಪರ್ಧೆ. 1985ರಲ್ಲಿ ಇಟಲಿಯ ರೆಜ್ಜೊ ಎಮಿಲಿಯಾದಲ್ಲಿ ಶುರುವಾದ ಅದು 2017ರ ಪ್ರಾಗ್ ಸ್ಪರ್ಧೆಯ ನಂತರ ನಡೆದಿಲ್ಲ. 16ರಿಂದ 21 ವಯಸ್ಸಿನ, ನೃತ್ಯವನ್ನು ವೃತ್ತಿ ಮಾಡಿಕೊಳ್ಳದ ಮಕ್ಕಳನ್ನು ಆಯಾ ದೇಶದ ಟಿವಿ ಸಂಸ್ಥೆಯೇ ಆರಿಸಿ ಕಳಿಸುತ್ತಿತ್ತು. ಭಾರತ ಅದರಲ್ಲಿ ಭಾಗವಹಿಸಿಯೇ ಇಲ್ಲ. ಮಗಳಿಗೆ ಈಗ ತೆರೆದಿರುವ ದಾರಿ ಕಾಲೇಜಿನ ಮೂಲಕ ಕಲಾ ಉತ್ಸವ, ಕೇಂದ್ರ ಶಿಕ್ಷಣ ಸಚಿವಾಲಯದ ಕಲಾ ಸ್ಪರ್ಧೆ. ಅದು 9ರಿಂದ 12ನೇ ತರಗತಿಯವರಿಗೆ, ರಾಷ್ಟ್ರಮಟ್ಟದವರೆಗೂ ಹೋಗುತ್ತದೆ. ಟಿವಿ ವಾಹಿನಿಗಳ ಆಡಿಷನ್‌ಗಳೂ ಇವೆ.

ಎಲ್ಲಿಗೇ ಹೋದರೂ ಮೊದಲ ಪೆಟ್ಟು ಬೀಳುವುದು ಸಮಯದ ಮೇಲೆ. ಒಂದೂವರೆ ನಿಮಿಷ ಕೊಟ್ಟರು ಅಂತಿಟ್ಟುಕೊಳ್ಳಿ. ಎಂಟು ಅಕ್ಷರದ (ಎಣಿಕೆಯ) ಆದಿತಾಳ, ನಿಮಿಷಕ್ಕೆ 80 ಅಕ್ಷರದ ಲಯವಾದರೆ ಒಂದು ಆವರ್ತನಕ್ಕೆ (ತಾಳದ ಒಂದು ಸುತ್ತಿಗೆ) 6 ಸೆಕೆಂಡು. ಅಂದರೆ ಕೈಯಲ್ಲಿರುವುದು ಬರೀ 15 ಆವರ್ತನ. ಪ್ರವೇಶಕ್ಕೆ 1, ಜತಿಗೆ (ತಕಧಿಮಿಯಂಥ ಸೊಲ್ಲುಗಳಿಗೆ ಹಾಕುವ ಹೆಜ್ಜೆಗೆ) 4, ಸಾಹಿತ್ಯದ ಒಂದೇ ಸಾಲಿನ ಅಭಿನಯಕ್ಕೆ 6, ಮುಕ್ತಾಯಕ್ಕೆ 4 ಇಟ್ಟರೆ ಉಸಿರಾಡಲು ಜಾಗ ಸಿಗುತ್ತದೆ. ಹೆಚ್ಚಿನವರು ಹತ್ತು ನಿಮಿಷದ ಕೃತಿಯಿಂದ ಚೂರುಗಳನ್ನು ಕತ್ತರಿಸಿ ಅಂಟಿಸುತ್ತಾರೆ, ಕೆಡುವುದೇ ಅಲ್ಲಿ. ಸಾಲಿನ ಎಡುಪು (ಹಾಡು ಶುರುವಾಗುವ ಜಾಗ) ಸಮದಲ್ಲಿ (ತಾಳದ ಮೊದಲ ಎಣಿಕೆಯಲ್ಲಿ) ಇಲ್ಲದಿದ್ದರೆ, ಅಂಟಿಸಿದ ಜಾಗದಲ್ಲಿ ಅರ್ಧ ಅಕ್ಷರ ನುಂಗಿಹೋಗಿ ಕೊನೆಯ ತೀರ್ಮಾನ (ಮುಕ್ತಾಯದ ಹೆಜ್ಜೆಗಳ ಗುಚ್ಛ) ಸಮಕ್ಕೆ ಬೀಳುವುದೇ ಇಲ್ಲ. ಗುರುಗಳ ಹತ್ತಿರ ಕೂತು 15 ಆವರ್ತನಕ್ಕೆಂದೇ ಹೊಸದಾಗಿ ಹೆಣೆಸಿಕೊಳ್ಳಿ, ನಟುವಾಂಗ (ತಾಳ ಹಾಕುತ್ತ ಹೇಳುವ ಸೊಲ್ಲು) ಹೇಳಿಸಿಯೇ ರೆಕಾರ್ಡ್ ಮಾಡಿಸಿ. ಹಾಡು ನಿಧಾನ ಸಣ್ಣಗಾಗಿ ಮುಗಿಯುವುದು ಬೇಡವೇ ಬೇಡ, ಕಡೆಯ ಭಂಗಿ ಅನಾಥವಾಗಿ ನಿಲ್ಲುತ್ತದೆ.

ಇನ್ನು ಕ್ಯಾಮೆರಾ. ಶಿವಮೊಗ್ಗದ ಕುವೆಂಪು ರಂಗಮಂದಿರದಲ್ಲಿ ಕಡೇ ಸಾಲಿಗೆ ಮುಟ್ಟಲಿ ಅಂತ ದೊಡ್ಡದು ಮಾಡಿ ಅಭ್ಯಾಸವಾದ ಕಣ್ಣು, ಹುಬ್ಬು ಹತ್ತಿರದ ಶಾಟ್‌ನಲ್ಲಿ ಅತಿಯಾಗುತ್ತವೆ. ಆ ಶಾಟ್ ತಲೆಯಿಂದ ಎದೆಯವರೆಗೆ ಮಾತ್ರ, ಅಗಲಕ್ಕೆ ಚಾಚಿದ ಹಸ್ತ ಚೌಕಟ್ಟಿನ ಆಚೆಗೆ ಹೋಗಿಬಿಡುತ್ತದೆ. ಅಭಿನಯದ ಸಾಲಿನಲ್ಲಿ ಹಸ್ತಗಳು ಭುಜದ ಅಗಲದೊಳಗೇ ಇರಲಿ. ಮನೆಯಲ್ಲಿ ಮೊಬೈಲನ್ನು ಸೊಂಟದ ಎತ್ತರಕ್ಕೆ, ಅಡ್ಡವಾಗಿ, ಸುಮಾರು 15 ಅಡಿ ದೂರದಲ್ಲಿ ನಿಲ್ಲಿಸಿ ಚಿತ್ರಿಸಿ. ಎತ್ತರದಿಂದ ತೆಗೆದರೆ ಅರೆಮಂಡಿ (ಮಂಡಿ ಬಗ್ಗಿಸಿ ಅರ್ಧ ಕೂತ ನಿಲುವು) ಚಪ್ಪಟೆಯಾಗಿ ಕಾಣುತ್ತದೆ, ಮಂಡಿ ಎಷ್ಟು ಬಿಚ್ಚಿಕೊಂಡಿದೆ ಎನ್ನುವುದೇ ತಿಳಿಯದು. ಆಮೇಲೆ ಮುಖವಷ್ಟೇ ಕಾಣುವಂತೆ ಇನ್ನೊಮ್ಮೆ ತೆಗೆಯಿರಿ. ಹಸ್ತದ ಜೊತೆ ಹೋಗಬೇಕಾದ ದೃಷ್ಟಿ ಪಕ್ಕದ ಪರದೆಯಲ್ಲಿ ತನ್ನನ್ನೇ ನೋಡಲು ಜಾರುವುದು ಸ್ಟುಡಿಯೋದಲ್ಲಿ ತುಂಬ ಸಾಮಾನ್ಯ, ಅದೊಂದು ತಪ್ಪು ಇಡೀ ಭಾವವನ್ನು ಕೊಂದುಬಿಡುತ್ತದೆ.

ಉಡುಪಿನ ಬಣ್ಣ ಆರಿಸುವ ಮುಂಚೆ ಹಿನ್ನೆಲೆ ಯಾವ ಬಣ್ಣ ಎಂದು ಕೇಳಿ. ಕಂಪ್ಯೂಟರಿನಲ್ಲಿ ಅಳಿಸಿ ಬೇರೆ ಚಿತ್ರ ಹಾಕುವ ಹಸಿರು ಪರದೆಯಾದರೆ ಹಸಿರು ರೇಷ್ಮೆಯ ಭಾಗವೇ ಮಾಯವಾಗುತ್ತದೆ. ಒತ್ತೊತ್ತಾದ ಸಣ್ಣ ಗೆರೆಯ ಬಟ್ಟೆ ಪರದೆಯ ಮೇಲೆ ನಡುಗುತ್ತದೆ.

ನಮ್ಮ ಕಡೆ ಮಳೆಗಾಲದ ತಾಪತ್ರಯ ಬೇರೆಯೇ. ಜೂನ್‌ನಿಂದ ಕಾವಿ ನೆಲ ಬೆವರಲು ಶುರುವಾದರೆ ತಟ್ಟಡವಿಗೂ (ಕಾಲು ತಟ್ಟುವ ಮೊದಲ ಅಡವು, ಅಂದರೆ ಮೂಲ ಹೆಜ್ಜೆ) ಕಾಲು ಜಾರುತ್ತದೆ. ಪೌಡರ್ ಚೆಲ್ಲಬೇಡಿ, ಇನ್ನಷ್ಟು ಜಾರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಪ್ರತಿ ಸುತ್ತಿಗೂ ಅಂಗಾಲು ಒರೆಸಿಕೊಳ್ಳಲಿ. ಸಿಮೆಂಟಿನ ಮೇಲೆ ಹಾರುವ ಅಡವುಗಳನ್ನು ದಿನವೂ ಪೂರ್ತಿ ವೇಗದಲ್ಲಿ ಮಾಡಿದರೆ ಮೊಣಕಾಲಿನ ಕೆಳಗಿನ ಮೂಳೆ ನೋಯತೊಡಗುತ್ತದೆ. ಸಿಕ್ಕರೆ ಮರದ ಹಲಗೆಯ ನೆಲ ಹುಡುಕಿ, ಸಿಗದಿದ್ದರೆ ಆ ಭಾಗವನ್ನು ದಿನ ಬಿಟ್ಟು ದಿನ ಮಾಡಿಸಿ. ಗೆಜ್ಜೆಯ ಚರ್ಮದ ಪಟ್ಟಿಗೆ ಬೂಷ್ಟು ಹಿಡಿಯುತ್ತದೆ ಅಂತ ಒಲೆಯ ಮೇಲೆ ಕಟ್ಟುವವರಿದ್ದಾರೆ. ಆ ಬಿಸಿಗೆ ಚರ್ಮ ಒಡೆದು ಕುಣಿಯುವಾಗಲೇ ಗೆಜ್ಜೆ ಉದುರುತ್ತದೆ. ಒರೆಸಿ, ಗಾಳಿಯಾಡುವ ಕಡೆ ತೂಗುಹಾಕಿದರೆ ಸಾಕು.