ಮುಚ್ಚಿದ ಗಾಡಿಯಲ್ಲಿ ಸಾಮಾನು ಜಖಂ: ಪ್ರತಿಕ್ರಿಯೆ
ಕಳೆದ ಬಾರಿ ಚಿಕ್ಕಮಗಳೂರಿನಿಂದ ಶಿವಮೊಗ್ಗಕ್ಕೆ ಬಾಡಿಗೆ ಕಂಟೇನರ್ ಗಾಡಿಯಲ್ಲಿ ಕಳುಹಿಸಿದ ನಿಮ್ಮ ಬೀರು, ಗಾಡಿ ಮುಚ್ಚಿದ್ದರೂ ಏಕೆ ಜಖಂಗೊಂಡಿತು ಎಂದು ಕೇಳಿದ್ದೀರಿ. ಅದಕ್ಕೆ ರಸ್ತೆಗಿಂತ ಹೆಚ್ಚಾಗಿ ಒಳಗೆ ಉಳಿದ ಖಾಲಿ ಜಾಗವೇ ಕಾರಣವಾಗಿರಬಹುದು. ನನ್ನ ಸಾಮಾನಿಗೂ ಹಾಗೆಯೇ ಆಗಿತ್ತು. ಮುಚ್ಚಿದ ಗಾಡಿ ಮಳೆಯನ್ನು ತಡೆಯುತ್ತದೆಯೇ ಹೊರತು ಅಲುಗಾಟವನ್ನಲ್ಲ.

ಗಾಡಿ ಗೊತ್ತುಮಾಡುವ ಮೊದಲು ಒಳಗಿನ ಉದ್ದ, ಎತ್ತರಗಳನ್ನು ನೀವೇ ಟೇಪು ಹಿಡಿದು ಅಳೆಯಿರಿ. ಗೋಡೆಗಳಲ್ಲಿ ಹಗ್ಗ ಕಟ್ಟುವ ಕೊಂಡಿಗಳಿವೆಯೇ ಎಂದು ನೋಡಿ. ಇಲ್ಲದಿದ್ದರೆ ಆ ಗಾಡಿ ಬೇಡ. ಹತ್ತಿಸುವವರು, ಇಳಿಸುವವರು, ಕಾಯುವ ಸಮಯ ಎಲ್ಲವೂ ಬಾಡಿಗೆಯಲ್ಲಿ ಸೇರಿದೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ಬಳಿಕ ಬೀರು, ವಾಷಿಂಗ್ ಮೆಷಿನ್‌ನಂತಹ ಭಾರದವನ್ನು ಚಾಲಕನ ಕ್ಯಾಬಿನ್ನಿನ ಕಡೆಯ ಗೋಡೆಗೆ ಒತ್ತಿ, ಭಾರ ಎರಡೂ ಬದಿಗೆ ಸಮನಾಗುವಂತೆ ಇರಿಸಿ, ಸಂದುಗಳಿಗೆ ಹಾಸಿಗೆ, ಕಂಬಳಿ ತುಂಬಿ, ಸಾಲು ಸಾಲಾಗಿ ಹಗ್ಗ ಬಿಗಿಯಿರಿ. ಫ್ರಿಜ್ ನೆಟ್ಟಗೇ ಇರಲಿ; ಮಲಗಿಸಲೇಬೇಕಾದರೆ, ಇಳಿಸಿ ನಿಲ್ಲಿಸಿದ ಮೇಲೆ ಹಲವು ಗಂಟೆ ಚಾಲೂ ಮಾಡಬೇಡಿ. ಹೊರಟು ಕೆಲವು ಕಿಲೋಮೀಟರು ಹೋದ ಮೇಲೆ ಒಮ್ಮೆ, ದಾರಿಯಲ್ಲಿ ಸಿಗುವ ತರೀಕೆರೆಯಲ್ಲಿ ಮತ್ತೊಮ್ಮೆ ನಿಲ್ಲಿಸಿ ಹಗ್ಗ ಬಿಗಿಸಿ, ಏಕೆಂದರೆ ಮೊದಲ ಕೆಲವು ಕಿಲೋಮೀಟರುಗಳಲ್ಲೇ ಅದು ಸಡಿಲವಾಗುತ್ತದೆ.

ಶಿವಮೊಗ್ಗದಲ್ಲಿ ಊರು ನೋಡುವುದಾದರೆ ಸಾಮಾನು ಇಳಿಸಿ, ಗಾಡಿ ಬಿಟ್ಟುಕೊಟ್ಟ ಮೇಲೆಯೇ ಹೊರಡಿ. ಅರ್ಧ ದಿನಕ್ಕೆ ತುಂಗೆಯ ದಡದ ಶಿವಪ್ಪನಾಯಕನ ಅರಮನೆ ಸಾಕು. ಸಂಜೆ ಬಿಡುವಿದ್ದರೆ ತುಂಗಾ, ಭದ್ರಾ ಕೂಡುವ ಕೂಡಲಿಗೆ ಹೋಗಿ, ಆದರೆ ಮಳೆಗಾಲದಲ್ಲಿ ಅಲ್ಲಿ ನೀರಿಗೆ ಇಳಿಯಬೇಡಿ.